ಬಣ್ಣವನ್ನು ಕೊನೆಗೆ ನೋಡುವವನು

ಟಿಕ್ ಟಿಕ್ ಟಿಕ್ ಎಂದು ಮೊದಲು ಒತ್ತೊತ್ತಾಗಿ, ಆಮೇಲೆ ಒಂದೊಂದಾಗಿ, ಕಡೆಗೆ ಯಾವುದೋ ಹಲ್ಲಿನ ಮೇಲೆ ತಡೆದು ನಿಂತುಬಿಡುವ ಆ ಸದ್ದು ಕೇಳಿಸಿದರೆ, ಪೇಲಿಂಗಳ ಸೈಕಲ್ ಅಂಗಡಿಗೆ ಲಾಯ್ ಖುನ್‌ತು ಬಂದಿದ್ದಾನೆಂದು ಫಂಗ್‌ಯುವಾನಿನ ನಮ್ಮ ಬೀದಿಗೆಲ್ಲ ತಿಳಿಯುತ್ತಿತ್ತು. ಎತ್ತಿ ಹಿಡಿದ ಹಿಂಚಕ್ರವನ್ನು ಅಂಗೈಯಿಂದ ಒಮ್ಮೆ ತಳ್ಳಿ, ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿ, ಅದು ತಾನಾಗಿ ನಿಲ್ಲುವವರೆಗೂ ಅವನು ಕೇಳುತ್ತಿದ್ದ. ಸಂಗೀತ ಕೇಳುವವರ ಸುಖ ಆ ಮುಖದಲ್ಲಿ ಇರುತ್ತಿರಲಿಲ್ಲ. ಸಂತೆಯ ಗದ್ದಲದಲ್ಲಿ ಗುರುತಿನ ಧ್ವನಿಯೊಂದನ್ನು ಹುಡುಕುವವನ ಕಳವಳ ಇರುತ್ತಿತ್ತು.

ಬೆಟ್ಟದ ದಾರಿಗೆ ಸೈಕಲ್ ಕೊಳ್ಳಬೇಕೆನ್ನುವವರು ನಮ್ಮ ಊರಿನಲ್ಲಿ ಮೊದಲು ಖುನ್‌ತುವಿನ ಮನೆಗೆ ಹೋಗುತ್ತಾರೆ, ಆಮೇಲೆ ಅಂಗಡಿಗೆ. ಅವನು ಬೂದುಬಣ್ಣದ ಹಳೆಯ ಕಾರ್ಖಾನೆ ಕೋಟನ್ನು ತೊಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಎಡ ಮೊಣಕಾಲನ್ನು ಉಳಿಸಿ ಉಳಿಸಿ ಖರ್ಚು ಮಾಡುವವನಂತೆ ನಡೆದು ಬರುತ್ತಾನೆ. ಬಂದವನೇ ಕೋಟನ್ನು ಕಳಚಿ ಸೈಕಲ್ಲಿನ ಚೌಕಟ್ಟಿನ ಮೇಲೆ ಹೊದಿಸುತ್ತಾನೆ. ಬಣ್ಣವೂ ಮುಚ್ಚಬೇಕು, ಕಂಪನಿಯ ಹೆಸರೂ ಮುಚ್ಚಬೇಕು. ಕೊಳ್ಳುವವನ ಕಣ್ಣಿಗೆ ಚಕ್ರ, ಮುಂಚಕ್ರವನ್ನು ಹಿಡಿಯುವ ಕವಲು, ಬ್ರೇಕು, ಸರಪಳಿಗಳಷ್ಟೇ ಉಳಿಯಬೇಕು. ಸೈಕಲ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ, ಕಡ್ಡಿಗಳೆಲ್ಲ ಬಂದು ಸೇರುವ ಚಕ್ರದ ಗುಂಬ ಜೋಡಿಸಿದವನಿಗೆ ಈ ಹಟ ಸಲ್ಲುತ್ತದೆ. ಮಾತು ಕಡಿಮೆ. ಆಡುವ ಮಾತಿಗೆಲ್ಲ "ಅದಿರ್ಲಿ" ಎಂಬ ಹೊಸಿಲು.

ಒಮ್ಮೆ ಪ್ರೌಢಶಾಲೆಯ ವ್ಯಾಯಾಮದ ಮೇಷ್ಟ್ರೊಬ್ಬರು ಕೆಂಪು ಸೈಕಲ್ಲೊಂದರ ಮುಂದೆ ಮೈಮರೆತು ನಿಂತಿದ್ದರು.

"ಮಾವ, ಹಿಂದಿನ ಗೇರು ನೋಡಿ! ರೇಸಿನೋರು ಹಾಕೋ ಮಾಲು!"

"ಅದಿರ್ಲಿ. ಕಿವಿಗೆ ಚಿನ್ನದ ಓಲೆ ಹಾಕಿದ್ದಾರೆ, ಹೊಟ್ಟೆಗೆ ಏನು ಹಾಕಿದ್ದಾರೆ ನೋಡೋಣ" ಎಂದ ಖುನ್‌ತು ಕೋಟು ಹೊದಿಸಿ, ಹಿಡಿಯ ಮೇಲೆ ಮೈಭಾರ ಬಿಟ್ಟು ಮುಂಗವಲನ್ನು ಅದುಮಿದ. ಅದು ಮುಲುಗುತ್ತಾ ಇಳಿದು, ಪುಟಿದು ಕೈಗೆ ಬಡಿಯಿತು. "ಇದು ಕಾಲಲ್ಲ ಮೇಷ್ಟ್ರೇ, ಊರುಗೋಲು. ಒಳಗೆ ಬರೀ ಕಬ್ಬಿಣದ ಸ್ಪ್ರಿಂಗು. ಗಾಳಿ ತುಂಬೋದಾದ್ರೆ ನಿಮ್ಮ ತೂಕಕ್ಕೆ ತಕ್ಕ ಹಾಗೆ ಹದ ಮಾಡ್ಕೋಬಹುದಿತ್ತು. ಚಕ್ರದ ಅಚ್ಚು ನೋಡಿ, ನನ್ನ ಕಿರುಬೆರಳಿಗಿಂತ ಸಣ್ಣ. ಕಲ್ಲಿನ ಮೇಲೆ ಇಳಿದ್ರೆ ಹೆದರಿದ ಕೋಳಿ ಥರ ಕತ್ತು ತಿರುಗಿಸುತ್ತೆ."

"ಮತ್ತೆ ಗೇರು?"

"ಗೇರು ನಾಳೆ ಬದಲಾಯಿಸಬಹುದು. ಟೈರು ನಾಡಿದ್ದು. ಬದಲಾಯಿಸೋಕೆ ಅಗ್ಗ ಆಗಿರೋದು ಸುಮಾರಾಗಿದ್ರೂ ತಗೊಳ್ಳಿ. ದುಬಾರಿ ಆಗಿರೋದು ಮಾತ್ರ ಮೊದಲೇ ಒಳ್ಳೇದಿರ್ಲಿ. ಚೌಕಟ್ಟು, ಕವಲು, ಚಕ್ರ. ಆಮೇಲೆ ಎಣ್ಣೆ ಬ್ರೇಕು. ಬಣ್ಣ ಕಟ್ಟಕಡೆಗೆ."

ಮೇಷ್ಟ್ರು ಕೊನೆಗೆ ಕೊಂಡದ್ದು ಮೂಲೆಯಲ್ಲಿ ಧೂಳು ಹಿಡಿದಿದ್ದ ಕೊಳೆಹಸಿರು ಸೈಕಲ್ಲನ್ನು, ಆರು ಸಾವಿರ ಕಡಿಮೆಗೆ. ಪೇಲಿಂಗ್ ಗೋಡೆಗೆ ಕೇಳಿಸುವಂತೆ ಗೊಣಗಿದಳು: "ಈ ಮಾವ ಕಾಲಿಟ್ಟ ದಿನ ನನ್ನ ಅಂಗಡೀಲಿ ಚಂದದ್ದು ಒಂದೂ ಹೋಗಲ್ಲ."

"ಚಂದದ್ದು ನೀನಿದ್ದೀಯಲ್ಲಮ್ಮ, ಸಾಲದಾ?" ಎಂದ ಖುನ್‌ತು. ಅವಳು ಚಹಾ ಕೊಡದೆ ಕಳಿಸಲಿಲ್ಲ.

ಇಷ್ಟು ಬಲ್ಲವನ ಮನೆಯಲ್ಲಿ ಒಂದೂ ಸೈಕಲ್ಲಿರಲಿಲ್ಲ. ಇದು ನಮ್ಮಲ್ಲಿ ವಿಚಿತ್ರವೇನಲ್ಲ. ನಾವು ಮಾಡಿದ ಸೈಕಲ್ಲುಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಮಲಗಿ ಹಡಗು ಹತ್ತಿ, ನಾವು ಹೆಸರನ್ನೂ ಸರಿಯಾಗಿ ಹೇಳಲಾರದ ಬೆಟ್ಟಗಳಿಗೆ ಹೋಗುತ್ತಿದ್ದವು; ನಾವು ಸ್ಕೂಟರ್ ಹತ್ತಿ ಮನೆಗೆ ಹೋಗುತ್ತಿದ್ದೆವು. ಅದೇ ಕಾರ್ಖಾನೆಯಲ್ಲಿ ನಾನಿದ್ದದ್ದು ಪರೀಕ್ಷೆಯ ಕೋಣೆಯಲ್ಲಿ. ಪ್ರತಿ ಹೊಸ ಮಾದರಿಯ ಎರಡೆರಡು ಸೈಕಲ್ಲುಗಳನ್ನು ಯಂತ್ರಕ್ಕೆ ಬಿಗಿದು ಲಕ್ಷ ಸಲ ಕುಲುಕಿ, ಆಮೇಲೆ ಗರಗಸದಿಂದ ಮೂರು ಕಡೆ ಕೊಯ್ದು ಗುಜರಿಗೆ ಹಾಕಬೇಕು. ಪರೀಕ್ಷೆಗೆ ಬಂದ ಸೈಕಲ್ಲು ಹೊರಗೆ ಹೋಗಿ ಯಾರ ತೊಡೆಯ ಕೆಳಗೂ ಮುರಿಯಬಾರದೆಂಬುದು ಅದರ ನ್ಯಾಯ.

ಸಾವಿರದ ಒಂಬೈನೂರ ಎಂಬತ್ತೊಂಬತ್ತರ ಚಳಿಗಾಲದ ಒಂದು ಶನಿವಾರ ಖುನ್‌ತು ಆ ಕೋಣೆಯ ಬೀಗದ ಕೈ ಕೇಳಿದ. ಯಾಕೆಂದು ನಾನು ಕೇಳಲಿಲ್ಲ. ಚಕ್ರ ಹೆಣೆಯುವ ಮೇಜಿನ ಜಾನ್ ಮಾನ್‌ಮೇ ಅವನ ಹಿಂದೆ ನಿಂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ಮಾರನೆಯ ದಿನ ಅವರಿಬ್ಬರೂ ಇನ್ನೂ ಯಂತ್ರಕ್ಕೇರದ ಎರಡು ಸೈಕಲ್ಲುಗಳಲ್ಲಿ ತುಂಗ್‌ಶಿಯ ಮೇಲಿನ ಬೆಟ್ಟದಲ್ಲಿ, ಹಿಂದೆ ಕರ್ಪೂರದ ಮರ ಸಾಗಿಸುತ್ತಿದ್ದ ಹಳೆಯ ಕರ್ಪೂರದ ದಾರಿಯನ್ನು ಹತ್ತಿ ಇಳಿದರು. ಆಗ ಮುಂಗವಲಿನಲ್ಲಿ ಸ್ಪ್ರಿಂಗ್ ಇರಲಿಲ್ಲ. ಸವಾರರ ತೋಳುಗಳೇ ಸ್ಪ್ರಿಂಗು. ಸೋಮವಾರ ಊಟದ ಡಬ್ಬಿ ತೆರೆಯಲು ಇಬ್ಬರ ಬೆರಳುಗಳೂ ಮಡಚುತ್ತಿರಲಿಲ್ಲ. ನಾವೆಲ್ಲ ನಕ್ಕೆವು, ಅವರೂ ನಕ್ಕರು. ಆ ವಾರದ ಕೊನೆಗೆ ಸೈಕಲ್ಲುಗಳ ಪರೀಕ್ಷೆ ಮುಗಿದಾಗ ಖುನ್‌ತು ಬಂದು, "ಆ ಎರಡನ್ನ ನಾನೇ ಕೊಯ್ತೀನಿ" ಎಂದ. ಅವಳದರ ಚೌಕಟ್ಟಿನ ಕೆಳಗೆ ಕರ್ಪೂರದೆಲೆಯೊಂದು ಕೆಸರಿನಲ್ಲಿ ಅಂಟಿತ್ತು. ಅವನು ಆ ಭಾಗವನ್ನು ಬಿಟ್ಟು ಕೊಯ್ದ.

ತೊಂಬತ್ತಮೂರರಲ್ಲಿ ಚಕ್ರ ಹೆಣೆಯುವ ವಿಭಾಗ ಸಮುದ್ರದಾಚೆ ಷೆನ್‌ಜೆನ್ನಿಗೆ ಹೋಯಿತು. ಅಲ್ಲಿನ ಹುಡುಗಿಯರಿಗೆ ಕಡ್ಡಿ ಹೆಣೆಯಲು ಕಲಿಸಲೆಂದು ಮಾನ್‌ಮೇಯೂ ಎರಡು ವರ್ಷಕ್ಕೆ ಹೋದಳು. ಆ ಎರಡು ವರ್ಷದೊಳಗೆ ಅಲ್ಲಿಯವನೊಬ್ಬನನ್ನು ಮದುವೆಯಾದಳು; ಆಮೇಲೆ ಮಕ್ಕಳಾಗಿ, ಅಲ್ಲಿಯವಳೇ ಆದಳು. ಖುನ್‌ತು ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ "ಅದಿರ್ಲಿ" ಎನ್ನುತ್ತಿದ್ದ; ಅಲ್ಲಿ ಆ ಹೊಸಿಲಿನಾಚೆ ಮನೆಯೇ ಇರುತ್ತಿರಲಿಲ್ಲ.

ಈ ವರ್ಷ, ಏಪ್ರಿಲ್ಲಿನಲ್ಲಿ ಬರುವ ಹಿರಿಯರ ಸಮಾಧಿ ಗುಡಿಸುವ ಹಬ್ಬಕ್ಕೆ ಎರಡು ವಾರ ಮುಂಚೆ ಅವನು ನನ್ನ ಮುಂದೆ ಫೋನು ಚಾಚಿದ. ಮಾನ್‌ಮೇ ಬರೆದಿದ್ದಳು: ಗಂಡ ತೀರಿ ಮೂರು ವರ್ಷವಾಯಿತು, ಈ ಸಲ ಅಪ್ಪ ಅಮ್ಮನ ಸಮಾಧಿಗೆ ಬರುತ್ತಿದ್ದೇನೆ. ಕೆಳಗೆ ಇನ್ನೊಂದು ಸಾಲು: ಕರ್ಪೂರದ ದಾರಿ ಈಗಲೂ ಇದೆಯಾ?

"ಇದೆಯಾ ಅಂತ ಯಾಕೆ ಕೇಳ್ತಾಳೆ? ಹೋಗಬೇಕು ಅಂತಲೇ ತಾನೆ?" ಎಂದ. ಮೇ ತಿಂಗಳಿಗೆ ಅವನ ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಅದಾದ ಮೇಲೆ ಬೆಟ್ಟದ ಮಾತೆತ್ತಬಾರದೆಂದು ವೈದ್ಯರು ಹೇಳಿದ್ದರು. ಒಂದೇ ಒಂದು ಸಲ, ಅದಕ್ಕೆ ಮುಂಚೆ, ಅವಳ ಜೊತೆ. ಅವನು ಹಾಗೆಂದು ಹೇಳಲಿಲ್ಲ. "ನನಗೊಂದು ಬಾಡಿಗೆದು ಸಾಕು. ಅವಳಿಗೆ ಮಾತ್ರ ಹೊಸದು" ಎಂದಷ್ಟೇ ಹೇಳಿದ.

ಊರಿಗೆಲ್ಲ ಅರ್ಧ ಗಂಟೆಯಲ್ಲಿ ಸೈಕಲ್ ಆರಿಸಿಕೊಡುತ್ತಿದ್ದವನಿಗೆ ಈ ಒಂದನ್ನು ಆರಿಸಲು ಹನ್ನೊಂದು ದಿನ ಬೇಕಾಯಿತು. ಒಂದರ ಕವಲು ಚೆನ್ನಾಗಿದ್ದರೆ ಬ್ರೇಕಿನ ಹಿಡಿ ಅವಳ ಬೆರಳಿಗೆ ದೂರ. ಬ್ರೇಕು ಎಟುಕಿದರೆ ಚಕ್ರದ ಗುಂಬದಲ್ಲಿ ಕಚ್ಚುವ ಹಲ್ಲು ವಿರಳ. ಏರಿನಲ್ಲಿ ತುಳಿದರೆ ಒಂದು ಕ್ಷಣ ಪೊಳ್ಳಾಗಿ ಹೋಗುತ್ತದೆ. ಹನ್ನೊಂದನೆಯ ದಿನ ಪೇಲಿಂಗ್ ಸೋತು ಕುರ್ಚಿಯಲ್ಲಿ ಕುಸಿದಳು.

"ಮಾವ, ನಲವತ್ತು ಸಾವಿರದ ಸೈಕಲ್ಲಲ್ಲಿ ಎಂಬತ್ತು ಸಾವಿರದ್ದು ಹುಡುಕಿದ್ರೆ ಎಲ್ಲಿಂದ ತರಲಿ? ದೇವರಿಗೂ ಇಷ್ಟು ಚೌಕಾಸಿ ಮಾಡಲ್ಲ ಜನ."

"ದೇವರು ಇಳಿಜಾರಲ್ಲಿ ಬೀಳಲ್ಲವಲ್ಲ" ಎಂದ ಖುನ್‌ತು.

ಆ ದಿನವೇ ಸಿಕ್ಕಿತು. ಗಾಳಿಯ ಕವಲು, ಹೆಬ್ಬೆರಳಿನಷ್ಟು ದಪ್ಪದ ಅಚ್ಚು, ಮುಂದೆ ಒಂದೇ ಹಲ್ಲುಗಾಲಿ, ಎಣ್ಣೆ ಬ್ರೇಕು, ಗುಂಡಿ ಒತ್ತಿದರೆ ಇಳಿಯುವ ಸೀಟು. ಎಲ್ಲಕ್ಕಿಂತ ಚಿಕ್ಕ ಅಳತೆಯದು, ಅವಳ ಎತ್ತರಕ್ಕೆ ಹೊಂದುವಂಥದು. ಕೊಟ್ಟ ದುಡ್ಡಿಗೆ ಒಂದೂವರೆಪಟ್ಟು ಸೈಕಲ್ಲು. ಎಲ್ಲ ಮುಗಿದ ಮೇಲೆ, ನಾನು ಅವನನ್ನು ಬಲ್ಲ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಅವನು ಕೇಳಿದ: "ನೀಲಿ ಅವಳಿಗೆ ಇಷ್ಟ ಆಗಬಹುದಾ?"

ಹಬ್ಬದ ಮರುದಿನ ಬೆಳಿಗ್ಗೆ ಮಾನ್‌ಮೇ ಅಂಗಡಿಗೆ ಬಂದಳು. ತಲೆ ನರೆತಿತ್ತು, ನಡಿಗೆ ಚುರುಕಾಗಿತ್ತು, ಕೈಯಲ್ಲಿ ಹುರಿದ ಮೂಲಂಗಿ ಕಡುಬಿನ ಪೊಟ್ಟಣ. "ಲೋ ಖುನ್‌ತು, ಏನೋ ಇದು, ಇಷ್ಟು ಮುದುಕ ಆಗಿದ್ದೀಯ!" ಎಂದು ನಕ್ಕವಳು, ಅವನ ಉತ್ತರಕ್ಕೂ ಕಾಯದೆ ನೀಲಿ ಸೈಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು, ಎರಡೆರಡು ಕಡ್ಡಿಗಳನ್ನು ಬೆರಳ ನಡುವೆ ಹಿಂಡುತ್ತಾ ಚಕ್ರದ ಸುತ್ತ ಬಂದಳು.

"ಯಂತ್ರ ಕಟ್ಟಿದ್ದು. ಎಡಗಡೆ ಏಳನೇದು ಸ್ವಲ್ಪ ಸಡಿಲ. ಪರವಾಗಿಲ್ಲ, ಒಳ್ಳೆ ಚಕ್ರ. ಯಾರಿಗೆ ಇದು?"

"ನಿನಗೆ" ಎಂದ ಖುನ್‌ತು. "ಮೇಲಿನ ದಾರಿ ಇದೆ. ನಾನು ಹೋಗಿ ನೋಡಿ ಬಂದೆ. ಎರಡು ಕಡೆ ಮಣ್ಣು ಕುಸಿದಿದೆ, ಇಳಿದು ನಡೆದ್ರಾಯ್ತು. ಗುರುವಾರ ಮಳೆ ಇಲ್ಲ. ಕವಲಿಗೆ ಗಾಳಿ ನಾನು ನಿನ್ನ ತೂಕಕ್ಕೆ..."

ತನ್ನ ಆಸೆಯೊಂದರ ಬಗ್ಗೆ ಅಷ್ಟು ಉದ್ದದ ಮಾತನ್ನು ಅವನು ಆಡಿದ್ದನ್ನು ನಾನು ಕೇಳಿರಲಿಲ್ಲ. ಮಾನ್‌ಮೇ ಎದ್ದು ಕೈ ಒರೆಸಿಕೊಂಡಳು.

"ಇದೆಯಾ ಅಂತ ಕೇಳಿದ್ದು, ಇರಲಿ ಅಂತ ಕಣೋ" ಎಂದಳು. "ಆ ಮೂರನೇ ತಿರುವಲ್ಲಿ ನೀನು ನನ್ನ ಕಾಯ್ತಾ ನಿಂತಿದ್ದೆ, ನಾನು ನಿಲ್ಲಿಸೋಕಾಗದೆ ನಿನ್ನ ದಾಟಿ ಹೋಗಿಬಿಟ್ಟೆ. ಹಿಂದಿಂದ ನೀನು ಕೂಗಿದ್ದು, ಆಮೇಲೆ ನಕ್ಕಿದ್ದು, ಎಲ್ಲ ಇದೆ ನನ್ನ ಹತ್ತಿರ. ಒಂದೇ ಸಲ ಹೋಗಿದ್ದು ಅಂತಲೇ ಅದು ಅಷ್ಟು ಗಟ್ಟಿಯಾಗಿದೆ. ಇನ್ನೊಂದು ಸಲ ಹೋದ್ರೆ ಇಬ್ಬರು ಮುದುಕರು ಕುಂಟಿಕೊಂಡು ಇಳಿದಿದ್ದು ಅದರ ಮೇಲೆ ಬಂದು ಕೂತ್ಕೊಳ್ಳುತ್ತೆ. ನಾನು ಬರಲ್ಲ. ಕೋಪ ಮಾಡ್ಕೋಬೇಡ. ಇದನ್ನ ಯಾರಾದ್ರೂ ಹುಡುಗಿಗೆ..."

ಖುನ್‌ತು ಸೈಕಲ್ಲಿನ ನಿಲುಗಾಲನ್ನು ಎತ್ತಿದ. ನಮ್ಮ ಪೀಳಿಗೆಯವರಿಗೆ ಸವಾರಿ ಬಂದದ್ದು ಬಲು ತಡವಾಗಿ, ಕದ್ದ ಒಂದು ಭಾನುವಾರದಂತೆ. ಪರರ ಬೆಟ್ಟಗಳಿಗೆ ಬೇಕಾದದ್ದನ್ನೆಲ್ಲ ಕೈಯಾರೆ ಮಾಡಿ ಕಳಿಸಿ, ನಮ್ಮ ಬೆಟ್ಟವನ್ನು ಕಿಟಕಿಯಿಂದ ನೋಡಿದವರು ನಾವು. ಇಂಥವರು ಆಸೆಯನ್ನು ಕೂಡ ಕೆಲಸದಂತೆಯೇ ಮಾಡುತ್ತಾರೆ: ನಿಧಾನವಾಗಿ, ಕುಂದಿಲ್ಲದಂತೆ, ಇನ್ನೊಬ್ಬರ ಅಳತೆಗೆ. ಅದು ತಿರುಗಿ ತಮ್ಮ ಕೈಗೇ ಬಂದಾಗ ಅದನ್ನು ಎಲ್ಲಿಡಬೇಕೆಂದು ಅವರಿಗೆ ಯಾರೂ ಕಲಿಸಿರುವುದಿಲ್ಲ.

"ಲೋ, ಮಾತಾಡ್ತಾ ಇದ್ದೀನಿ, ಎಲ್ಲಿಗೆ ಹೊರಟೆ?" ಎಂದಳು ಮಾನ್‌ಮೇ. "ಕಡುಬು ಆರಿ ಹೋಗುತ್ತೆ ಕಣೋ, ಒಂದು ತಿಂದು..."

ಅವನ ಸೊಂಟಕ್ಕೂ ಬಾರದ ಆ ನೀಲಿ ಸೈಕಲ್ಲನ್ನು ಪಕ್ಕದಲ್ಲಿ ನಡೆಸಿಕೊಂಡು, ಒಂದು ಕೈಯನ್ನು ಅದರ ಸೀಟಿನ ಮೇಲಿಟ್ಟು, ಖುನ್‌ತು ಆಗಲೇ ಬೀದಿಯ ತಿರುವಿನಲ್ಲಿ ಪೂರ್ವಕ್ಕೆ, ಬೆಟ್ಟದ ದಿಕ್ಕಿಗೆ ಹೊರಳಿದ್ದ.