ಸಾಹೇಬರ ಹೆರಿಗೆ

ಹಿರೇವಡ್ಡಟ್ಟಿ ಆಸ್ಪತ್ರೆಯ ಹೆರಿಗೆ ನರ್ಸ್ ಸುಮಿತ್ರವ್ವನ ಬಾಯಿಗೆ ಹೆದರದವರು ಆ ಸೀಮೆಯಲ್ಲಿಲ್ಲ. ಆದರೆ ಮೇಲಧಿಕಾರಿಗಳನ್ನು ಕಂಡರೆ ಅದೇ ಬಾಯಿಗೆ ಬೀಗ ಬೀಳುತ್ತಿತ್ತು. ಇಂಥವರಿಗೆಂದೇ ಗದಗದಲ್ಲಿ ತರಬೇತಿ ನಡೆದಿತ್ತು. ಕೆಲಸದ ನಿಯಮ ಸರಿಯಿಲ್ಲದಿದ್ದರೆ ಬದಲಿಸಿರೆಂದು ನರ್ಸುಗಳೇ ಹೋಗಿ ಹೇಗೆ ಕೇಳಬೇಕು ಎಂಬುದನ್ನು ಅಂಕಿತಾ ಎಂಬ ಹುಡುಗಿ ಕಲಿಸುತ್ತಿದ್ದಳು.

"ಸಾವಕಾಶ ಮಾತಾಡ್ರಿ. ಆಗಂಗಿಲ್ಲ ಅಂದ್ರ ಜಗಳ ತಗೀಬ್ಯಾಡ್ರಿ. ನಮಸ್ಕಾರ ಮಾಡಿ ಬಂದುಬಿಡ್ರಿ."

ಸುಮಿತ್ರವ್ವ ಕೇಳಬೇಕಾದದ್ದು ಒಂದೇ: ಹೆರಿಗೆ ನಡೆದಾಗ ನರ್ಸನ್ನು ಮೀಟಿಂಗಿಗೆ ಕರೆಯಬಾರದು. ಹಿಂದೊಮ್ಮೆ ಹಾಗೆ ಕರೆದಾಗ ಬೇನೆ ತಿನ್ನುತ್ತಿದ್ದ ಚನ್ನಮ್ಮನನ್ನು ಬಿಟ್ಟು ಮುಂಡರಗಿಗೆ ಓಡಿದ್ದಳು. ಬೇರೆ ಆಸ್ಪತ್ರೆಗೆ ಒಯ್ಯುವಾಗ ಚನ್ನಮ್ಮ ದಾರಿಯಲ್ಲೇ ಟಂಟಂ ಆಟೋದಲ್ಲಿ ಹೆತ್ತಳು. ತಾಯಿ, ಮಗು ಉಳಿದದ್ದು ದೇವರ ದಯೆ. ಮೀಟಿಂಗಿನಲ್ಲಿ ನಡೆದದ್ದಾದರೂ ಏನು? ಚಹಾ, ಒಗ್ಗರಣೆ ಅವಲಕ್ಕಿ, ಗ್ರೂಪ್ ಫೋಟೋ. ಆ ಫೋಟೋದಲ್ಲಿ ತಾನು ನಗುತ್ತಿರುವುದನ್ನು ಕಂಡು ಅವಳು ಅತ್ತಿದ್ದಳು. ಈಗ ಸೌಂದರ್ಯಾ ಎಂಬ ಹುಡುಗಿಗೆ ದಿನ ತುಂಬಿದೆ, ಮತ್ತೆ ಮೀಟಿಂಗಿನ ಕರೆಯೂ ಬಂದಿದೆ.

ತರಬೇತಿ ಮುಗಿಸಿ, ಹೊಂಬಳದ ನರ್ಸ್ ಮಹೆಕಳನ್ನೂ ಅಂಕಿತಾಳನ್ನೂ ಕರೆದುಕೊಂಡು ಜಿಲ್ಲಾ ಆರೋಗ್ಯ ಕಚೇರಿಯ ದೊಡ್ಡ ಸಾಹೇಬರ ಕೋಣೆಗೆ ಹೋದಳು. ಬಾಯಿಗೆ ಮತ್ತೆ ಬೀಗ. ಮಹೆಕ ಚಿವುಟಿದ ಮೇಲೆ ಹೇಗೋ ತೊದಲುತ್ತಾ ವಿಷಯ ಹೇಳಿದಳು.

ಸಾಹೇಬರು ಬೆವರು ಒರೆಸಿಕೊಂಡು ನರಳಿದರು. "ನನ್ನ ಕೈಲೆ ಆಗಂಗಿಲ್ಲವಾ. ಖರೇನ ಆಗಂಗಿಲ್ಲ."

ಈ ಮಾತನ್ನು ಸುಮಿತ್ರವ್ವ ಜನ್ಮವೆಲ್ಲ ಕೇಳಿದ್ದಾಳೆ. ಹೆರುವವರೆಲ್ಲ ಕೊನೇ ಗಳಿಗೆಯಲ್ಲಿ ಹೇಳುವುದು ಇದನ್ನೇ, ಹೇಳಿದ ಸ್ವಲ್ಪ ಹೊತ್ತಿಗೆ ಹೆರುವುದೂ ಖಂಡಿತ. ಅವಳ ಹೆದರಿಕೆ ಎಲ್ಲಿ ಹೋಯಿತೋ! ಮೇಜು ಸುತ್ತಿ ಹೋದವಳೇ ಸಾಹೇಬರ ಬೆನ್ನು ನೀವತೊಡಗಿದಳು.

"ಆಕ್ಕೈತಿ ನಮ್ಮವ್ವಾ, ಆಕ್ಕೈತಿ. ಎಲ್ಲಾರೂ ಹಿಂಗ ಅಂತಾರ. ಉಸಿರು ಜಗ್ಗ್ರಿ."

ಸಾಹೇಬರು ಗಾಬರಿಯಲ್ಲಿ ಉಸಿರು ಜಗ್ಗಿದರು. "ಅಯ್ಯೋ, ಇದೇನವಾ..."

"ಒದರಬ್ಯಾಡ್ರಿ, ತಾಕತ್ತು ಹೋಗತೈತಿ. ಮಹೆಕ, ಅವರ ಕೈ ಹಿಡಿಯವಾ. ಪೆನ್ನಿನ ಕೈ ಬ್ಯಾಡ, ಆ ಕೈ."

ಅಂಕಿತಾ ಹಣೆ ಚಚ್ಚಿಕೊಂಡಳು. ಜವಾನ ಸಕ್ರಪ್ಪ ಇಣುಕಿ ನೋಡಿದ. ಮೂರು ಮಕ್ಕಳ ತಂದೆ, ಆ ದನಿಯ ರೂಢಿ ಅವನಿಗಿತ್ತು. ಮರ್ಯಾದೆಯಿಂದ ಬಾಗಿಲು ಮುಚ್ಚಿ ಬಿಸಿನೀರು ಕಾಯಿಸಲು ಹೋದ.

ಸಾಹೇಬರು ಬುಸುಗುಟ್ಟಿದರು, ಹಲ್ಲು ಕಚ್ಚಿದರು, ಕೊನೆಗೆ ಈ ನಿಯಮ ಆಗಲೇಬೇಕೆಂದು ಮೇಲಿನವರಿಗೆ ಶಿಫಾರಸು ಬರೆದು ಸಹಿ ಹಾಕಿದರು. ಕುರ್ಚಿಗೆ ಒರಗಿ, "ಆತಲ್ಲ? ಇನ್ನ ಹೋಗ್ರಿ," ಎಂದರು ಸಣ್ಣ ದನಿಯಲ್ಲಿ.

ಅಂಕಿತಾ ಕೈಮುಗಿದಳು, ಮಹೆಕ ಚೀಲ ಹೆಗಲಿಗೇರಿಸಿದಳು. ಸುಮಿತ್ರವ್ವ ಮಾತ್ರ ಕಾಗದವನ್ನು ತಿರುಗಿಸಿ ನೋಡಿದಳು. ಬರೀ ಶಿಫಾರಸು ಸೌಂದರ್ಯಾಳನ್ನು ಕಾಯುವುದಿಲ್ಲ, ಆದೇಶವೇ ಬರಬೇಕು. ಅವಳು ಕುರ್ಚಿ ಎಳೆದುಕೊಂಡು ಕುಳಿತಳು.

"ಈಗ ಬರೇ ತಲಿ ಬಂದೈತ್ರಿ ಸಾಹೇಬ್ರ. ಮ್ಯಾಲಿನವರಿಗೆ ಫೋನ್ ಹಚ್ರಿ. ಇಂಥಾ ಹೊತ್ತಿನ್ಯಾಗ ಬಿಟ್ಟು ಹೋಗಾಕ ಇನ್ನ ಮ್ಯಾಲೆ ನಾ ತಯಾರಿಲ್ಲ."