ನವಾಬನ ದವಡೆ ಹಲ್ಲು

ಸುರಪುರದ ಆ ಮನೆಯಲ್ಲಿ ಶನಿವಾರ ಸಂಜೆಯಾದರೆ ಎರಡು ಜೀವಗಳು ಹೊಸ್ತಿಲಿಗೆ ಬಂದು ಕೂಡುತ್ತಿದ್ದವು. ಒಂದು ದುರಗಮ್ಮ, ಇನ್ನೊಂದು ನವಾಬ ಎಂಬ ಕಂದು ನಾಯಿ. ನಾರಾಯಣಪುರದ ಕಾಲುವೆ ಗೇಟಿನಲ್ಲಿ ನೌಕರಿಗಿದ್ದ ಗಂಡ ಬಸವಂತ್ರಾಯ ವಾರಕ್ಕೊಮ್ಮೆ ಆ ಹೊತ್ತಿಗೇ ಫಟಫಟಿಯ ಮೇಲೆ ಬರುತ್ತಿದ್ದ. ಬಂದವನೇ ಕಡಕ್ ರೊಟ್ಟಿ ಮುರಿದು ಅರ್ಧ ತನಗೆ, ಅರ್ಧ ನಾಯಿಗೆ. ಇಬ್ಬರೂ ಕಟುಂ ಕುಟುಂ ಅಗಿಯುವ ಸದ್ದಿಗೆ ದುರಗಮ್ಮ ಬೈದದ್ದೇ ಬೈದದ್ದು.

ಅವನು ಎದೆನೋವಿನಿಂದ ತೀರಿಕೊಂಡು ಮೂರು ತಿಂಗಳಾಗಿತ್ತು. ಬರುವವನಿಲ್ಲ ಎಂದು ಗೊತ್ತಿದ್ದೂ ಅವಳು ಶನಿವಾರದ ಹೊಸ್ತಿಲು ಬಿಡಲಿಲ್ಲ. ನವಾಬನೂ ಬಿಡಲಿಲ್ಲ. ಅವನು ಹೋದ ಒಂದು ತಿಂಗಳಿಗೆ, ಅವನ ಹಾಗೆಯೇ ಅವಳು ಮುರಿದು ಕೊಟ್ಟ ರೊಟ್ಟಿಯನ್ನು ನಾಯಿ ಬಾಯಿಗೆ ತಗೊಂಡು, ಕುಂಯ್ ಎಂದು, ನೆಲಕ್ಕೆ ಬಿಡತೊಡಗಿತು. ಅದೂ ಅವನನ್ನೇ ನೆನೆಯುತ್ತಿದೆ ಎಂದು ದುರಗಮ್ಮ ಮರುಗಿದಳು. ನಿಜ ಹೇಳಬೇಕೆಂದರೆ ಒಳಗೊಳಗೇ ಸಮಾಧಾನವೂ ಆಯಿತು. ದಿನಕರ್ಮ ಮುಗಿಸಿ ಬಂಧುಗಳೆಲ್ಲ ತಮ್ಮ ತಮ್ಮ ದಾರಿ ಹಿಡಿದಿದ್ದರು. ಅವನಿಗಾಗಿ ಊಟ ಬಿಟ್ಟ ಜೀವ ಇನ್ನೊಂದಿತ್ತಲ್ಲ!

"ಯಕ್ಕಾ, ನಾಯಿ ಬಾಯಿ ಗಬ್ಬು ನಾರಾಕತ್ತೈತಿ. ದವಾಖಾನಿಗೆ ಒಯ್ದು ತೋರಸು," ಎಂದಳು ಪಕ್ಕದ ಮನೆಯ ಮಲ್ಲಿಕಮ್ಮ.

"ನಿನಗೇನ್ ಗೊತ್ತೈತಿ? ಅದು ಅವರನ್ನ ನೆನಸಾಕತ್ತೈತಿ," ಎಂದು ದುರಗಮ್ಮ ಅವಳ ಬಾಯಿ ಮುಚ್ಚಿಸಿದಳು.

ನಾಯಿಯ ಕಣ್ಣಿನ ಕೆಳಗೆ ಕೆನ್ನೆ ಊದಿಕೊಂಡಾಗ ಮಾತ್ರ ಹೆದರಿ, ಆಟೋದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಓಡಿದಳು. ಡಾಕ್ಟರ್ ಸಬಾ ನವಾಬನ ತುಟಿ ಎತ್ತಿ ನೋಡಿದಳು.

"ಅಮ್ಮಾ, ದವಡಿ ಹಲ್ಲು ಕೆಟ್ಟು ಬುಡದಾಗ ಕೀವು ತುಂಬೈತ್ರಿ. ಎಷ್ಟ್ ದಿನ ಆತು ಸರಿಯಾಗಿ ಉಣವಲ್ದು?"

"ಎರಡ್ ತಿಂಗಳಾತ್ರಿ. ನಮ್ಮ ಮನಿಯವರು ಹೋದ ದುಃಖಕ್ಕ ಬಿಟ್ಟೈತಿ ಅಂದ್ಕೊಂಡಿದ್ದೆ."

"ದುಃಖಾನೂ ಇದ್ದೀತ್ರಿ. ಆದ್ರ ಇದು ಹಲ್ಲಿನ ಬ್ಯಾನಿ. ಮೆತ್ತಂದು ಕೊಟ್ಟಿದ್ರ ಅವತ್ತೇ ಉಣತಿತ್ತು."

ಅರಿವಳಿಕೆ ಕೊಟ್ಟು ನಾಯಿಯ ಹಲ್ಲು ಕಿತ್ತರು. ಗಾಯ ಮಾಯ್ದ ಮೇಲೆ ದಿನಾ ಬೆರಳಿಗೆ ಬಟ್ಟೆ ಸುತ್ತಿ ಹಲ್ಲು ತಿಕ್ಕಬೇಕು, ಮನುಷ್ಯರ ಪೇಸ್ಟ್ ಹಚ್ಚಬಾರದು ಎಂದು ಸಬಾ ತಿಳಿಸಿ ಹೇಳಿದಳು.

ಮುಂದಿನ ಶನಿವಾರ ಸಂಜೆ ದುರಗಮ್ಮ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಇಟ್ಟಳು. ನವಾಬ ಗಬಗಬ ತಿಂದು, ತಾಟು ನೆಕ್ಕಿ, ಇನ್ನೂ ಬೇಕೆಂದು ಅವಳ ಮುಖ ನೋಡಿತು.

"ನನ್ನ ಸಂಕಟಾನ ನಿನ್ನ ಬಾಯಾಗ ಇಟ್ಟು ಕುಂತಿದ್ನಲ್ಲೋ, ನವಾಬಾ! ನಿನ್ನ ನೋವು ನನಗ ಕಾಣಲೇ ಇಲ್ಲಲ್ಲೋ!" ಎಂದು ಅದರ ಕೊರಳು ತಬ್ಬಿ ಅತ್ತಳು. ನಾಯಿ ತುಸು ಹೊತ್ತು ಸಹಿಸಿತು. ಆಮೇಲೆ ಮೈ ಕೊಡವಿ ಒಳಗೆ ಹೋಗಿ, ಹೊಟ್ಟೆ ತುಂಬಿದ ಸುಖಕ್ಕೆ ಕಾಲು ಚಾಚಿ ಮಲಗಿಬಿಟ್ಟಿತು.

ಓಣಿಯಲ್ಲಿ ಯಾರದೋ ಫಟಫಟಿ ಹಾದುಹೋಯಿತು. ದುರಗಮ್ಮ ತಟ್ಟನೆ ತಲೆ ಎತ್ತಿದಳು. ನವಾಬ ಕಿವಿಯನ್ನೂ ಅಲುಗಿಸಲಿಲ್ಲ.

ಅವಳು ಒಂದು ಕಡಕ್ ರೊಟ್ಟಿ ತಂದು ಮುರಿದಳು. ಅರ್ಧ ಪಕ್ಕಕ್ಕಿಟ್ಟು ಉಳಿದರ್ಧ ಕಚ್ಚಿದಳು. ಕಟುಂ ಎಂದಿತು. ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ಆ ಸದ್ದು ಕೇಳಿತು, ಬೈಯಲು ಮಾತ್ರ ಯಾರೂ ಇರಲಿಲ್ಲ.