ಕೆಂಪು ಲಂಗ ನುಂಗಿದ ಧೂಳು

ನನ್ನ ಗಂಡ ಬಾಲರಾಜ ಮನೆಗೆ ಬರುವ ಸುದ್ದಿಯನ್ನು ಅವನಿಗಿಂತ ಮೊದಲು ಅವನ ಕೆಮ್ಮು ತರುತ್ತಿತ್ತು. ಓಣಿಯ ತಿರುವಿನಲ್ಲಿ ಖೊಕ್ ಎಂದರೆ ಇಲ್ಲಿ ನಾನು ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದೆ. ಗಂಡಸರು ಒಳಗೆ ಬರುವ ಮುಂಚೆ ಒಂದು ಸಲ ಕೆಮ್ಮುವುದು ನಮ್ಮ ಕಡೆಯ ರಿವಾಜು. ಇವನದು ರಿವಾಜು ದಾಟಿ ರೋಗವಾಗಿತ್ತು.

ಸುರಪುರದಲ್ಲಿ ದೇವಾಪುರ ರಸ್ತೆಗೆ ಅವನ ಬಡಗಿ ಅಂಗಡಿ. ಗರಗಸದ ಮಷಿನ್ ಚಾಲೂ ಆದರೆ ಒಳಗೆ ಯಾರಿದ್ದಾರೆಂದು ಕಾಣದಷ್ಟು ಧೂಳು. ಶಹಾಪುರದ ಡಾಕ್ಟರು ಎದೆ ಪರೀಕ್ಷಿಸಿ, "ಧೂಳರ ಬಿಡ್ರಿ, ಇಲ್ಲಾ ಕೆಲಸರ ಬಿಡ್ರಿ" ಎಂದರು. ಕಟ್ಟಿಗೆ ಬಿಟ್ಟರೆ ಇವನಿಗೆ ಆಡಲು ಮಾತೂ ಇಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಡಾಕ್ಟರ ಚೀಟಿಯನ್ನು ಮಡಚುತ್ತ ಬಿಚ್ಚುತ್ತ ಕೂತವನನ್ನು ನೋಡಿ ನನಗೆ ಹೆದರಿಕೆಯಾಯಿತು.

ಮರುದಿನವೇ ಧೂಳು ಹೊರಗೆ ಎಳೆಯಲೆಂದು ಪೈಪು ತಂದ. ಕಾಳು ಒಕ್ಕುವ ರಾಶಿ ಮಷಿನ್ನಿನ ಹಳೆಯ ಫ್ಯಾನು ಜೋಡಿಸಿ, ಚಂದ ಕಾಣಲೆಂದು ಪೈಪನ್ನು ಮೂಲೆಮೂಲೆಗೂ ತಿರುಗಿಸಿದ. ಹೊಟ್ಟು ಮೊದಲನೇ ತಿರುವಿನಲ್ಲೇ ಠಿಕಾಣಿ ಹೂಡಿತು.

"ಪೈಪಿಗಿ ಭಾರಿ ಸಿಂಗಾರ ಮಾಡೀರಿ ಬಿಡ್ರಿ" ಎಂದೆ. ಸಿಟ್ಟು ಬಂತು ಅವನಿಗೆ. ಕೆಮ್ಮು ನಡುವೆ ಬಂದು ಬೈಯಲೂ ಆಗಲಿಲ್ಲ.

ದಾರಿ ತೋರಿಸಿದ್ದು ಇಮಾಮಬೀಯ ಹಿಟ್ಟಿನ ಗಿರಣಿ. ಜೋಳ ಬೀಸಿಸಲು ಹೋದವನು ಅಲ್ಲಿನ ತಗಡಿನ ದೊಡ್ಡ ಆಲಿಕೆ ನೋಡುತ್ತ ನಿಂತುಬಿಟ್ಟ.

"ಗಾಳೀನ ಇದರಾಗ ಗಿರಗಿರ ತಿರುಗಿಸ್ಬೇಕು ಅಣ್ಣ" ಎಂದಳು ಇಮಾಮಬೀ. "ಹಿಟ್ಟು ತಾನೇ ಕೆಳಗ ಬೀಳ್ತದ. ಮ್ಯಾಲ ದಪ್ಪನ್ನ ಅರಿವಿ ಚೀಲ ಕಟ್ಟು, ಗಾಳಿ ಹೋಗ್ತದ, ಧೂಳ ಉಳೀತದ."

ಅವನೂ ಆಲಿಕೆ ಮಾಡಿಸಿದ, ಪೈಪು ನೆಟ್ಟಗೆ ಎಳೆದ. ಚೀಲ ಹುಡುಕಲು ಮನೆಯೆಲ್ಲ ಕಿತ್ತುಹಾಕಿ, ಕೊನೆಗೆ ಕೈಯಲ್ಲಿ ಹಿಡಿದು ನಿಂತದ್ದು ನನ್ನ ಕೆಂಪು ಲಂಗ!

"ಅರಿವಿ ದಪ್ಪ ಅದ. ಕಟ್ಟಾಕ ಲಾಡೀನೂ ಅದ."

"ನಾಚಿಕಿ ಅದನೋ ಇಲ್ಲೋ ನಿಮಗ? ರಸ್ತಾದ ಮ್ಯಾಲ ನನ್ನ ಲಂಗ ತೂಗಬಿಡ್ತೀರೇನು?"

ಅವನು ಉತ್ತರ ಕೊಡಲು ಬಾಯಿ ತೆರೆದ. ಕೆಮ್ಮು ಬಂತು. ಬಾಗಿಲ ಚೌಕಟ್ಟು ಹಿಡಿದು ಬಗ್ಗಿದವನು ಎಷ್ಟು ಹೊತ್ತಾದರೂ ಏಳಲಿಲ್ಲ. ನನ್ನ ನಾಚಿಕೆ ಅಲ್ಲಿಗೆ ಮುಗಿಯಿತು, ಲಂಗದ ಕೆಳಬಾಯಿ ಹೊಲಿದು ಕೊಟ್ಟೆ.

ಮಷಿನ್ ಚಾಲೂ ಆದದ್ದೇ ತಡ, ಆಲಿಕೆಯ ಮೇಲೆ ಕಟ್ಟಿದ ಲಂಗ ಗಾಳಿ ಕುಡಿದು ಢುಮ್ಮನೆ ಉಬ್ಬಿತು. ಎದುರಿನ ಚಾದಂಗಡಿಯಲ್ಲಿದ್ದ, ಮೈದುನನ ಸಲಿಗೆಯ ಅಯ್ಯಣ್ಣ, "ವೈನಿಯವ್ರು ಇವತ್ತ ಅಂಗಡ್ಯಾಗೇ ನಿಂತಾರಲ್ಲ!" ಎಂದು ಕೂಗಿದ. ಎಲ್ಲರೂ ನಕ್ಕರು. ಬೈಯೋಣವೆಂದು ಹೋದ ನಾನು ಅಂಗಡಿಯೊಳಗೆ ನೋಡಿದೆ. ಹಿಂದಿನ ಗೋಡೆಯ ಕ್ಯಾಲೆಂಡರು ಬಾಗಿಲಿಂದಲೇ ಓದಲು ಬರುತ್ತಿತ್ತು. ಅಯ್ಯಣ್ಣನನ್ನು ಮಾಫ್ ಮಾಡಿದೆ.

ಆ ವರ್ಷ ಹತ್ತಿ ಬಿಡಿಸುವ ಕಾಲಕ್ಕೆ ಒಂದು ಮಧ್ಯಾಹ್ನ ತಲೆ ಎತ್ತಿದರೆ ಅವನು ಹೊಸ್ತಿಲಲ್ಲಿ ನಿಂತಿದ್ದಾನೆ. ನಾನಿನ್ನೂ ಹಂಚು ಸಹ ಇಟ್ಟಿರಲಿಲ್ಲ.

"ರೊಟ್ಟಿ ಎಲ್ಲ್ಯದ?"

"ಕೆಮ್ಮದಂಗ ಬಂದ್ರ ನನಗ ಹ್ಯಾಂಗ ತಿಳೀಬೇಕ್ರಿ?" ಎಂದು ಜೋರು ಮಾಡಿದೆ.

ಅಂದಮೇಲೆ ಏನಂದೆನೆಂದು ನನಗೇ ಕೇಳಿಸಿತು. ಅವನಿಗೂ ಕೇಳಿಸಿತು. ಅವನು ಚಪ್ಪಲಿ ಮೆಟ್ಟಿ ಓಣಿಯ ತಿರುವಿಗೆ ಹೋಗಿ, ಅಲ್ಲಿಂದ "ಖೊಕ್" ಎಂದ.

ಅಷ್ಟು ಸುಳ್ಳು ಕೆಮ್ಮು ನಾನು ಜನ್ಮದಲ್ಲೇ ಕೇಳಿರಲಿಲ್ಲ. ಖುಷಿಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಮೇಲೆ ಹಂಚಿಟ್ಟೆ.